ನಾಯಿಯೇ ಇಲ್ಲದ ಸ್ಕೂಬಿ-ಡೂ: 'ಡ್ಯಾಫ್ನಿ ಆಂಡ್ ವೆಲ್ಮಾ' ದುಡ್ಡು ಉಳಿಸಿದ್ದೆಲ್ಲಿ, ಕಳೆದುಕೊಂಡಿದ್ದೆಲ್ಲಿ?

ನಡುರಾತ್ರಿರೀಲು
'ಡ್ಯಾಫ್ನಿ ಆಂಡ್ ವೆಲ್ಮಾ' (2018) ನೋಡಿದವರು ಬನ್ನಿ. ಒಂದು ನಾಯಿ, ನಾಲ್ವರು ಹುಡುಗ-ಹುಡುಗಿಯರು ವ್ಯಾನಿನಲ್ಲಿ ತಿರುಗಿ ದೆವ್ವಗಳ ಮುಖವಾಡ ಕೀಳೋ ಸ್ಕೂಬಿ-ಡೂ ಕಾರ್ಟೂನಿನ ಇಬ್ಬರು ಹುಡುಗಿಯರನ್ನಷ್ಟೇ ಎತ್ತಿಕೊಂಡು ಮಾಡಿದ, ಥಿಯೇಟರ್ ಮುಖ ನೋಡದೆ ನೇರ ಡಿವಿಡಿ, ಡಿಜಿಟಲ್‌ಗೆ ಹೋದ ಸಿನಿಮಾ. ನಾಯಿ ಇಲ್ಲ, ಶ್ಯಾಗಿ ಇಲ್ಲ, ಫ್ರೆಡ್ ಇಲ್ಲ, ವ್ಯಾನೂ ಇಲ್ಲ.

ಎರಡು ಪ್ರಶ್ನೆ. ಒಂದು, ಇದರಲ್ಲಿ ದುಡ್ಡು ಉಳಿಸಿದ್ದು ಎಲ್ಲಿ, ಅದರಿಂದ ಕೆಟ್ಟಿದ್ದೇನು? ಎರಡು, ಇದೇ ಜಾತಿಯ ಇಪ್ಪತ್ತು ನಿಮಿಷದ ಚಿತ್ರ ಮಾಡಬೇಕು: ಒಂದು ಶಾಲೆ ಕಟ್ಟಡ, ನಾಲ್ಕು ಪಾತ್ರ, ಒಂದು ದೆವ್ವ, ಕೊನೆಗೆ ಮುಖವಾಡ ಕೀಳೋದು. ದುಡ್ಡು ಮೊದಲು ಯಾವುದಕ್ಕೆ ಎತ್ತಿಡಬೇಕು? ಕ್ಯಾಮೆರಾ ಅಂದ್ರೆ ಫೋನು, ಇಲ್ಲವೇ ಹಳೇ ಡಿಎಸ್‌ಎಲ್‌ಆರ್. ಕ್ಲೈಮ್ಯಾಕ್ಸ್ ಮಾತ್ರ ಬಿಚ್ಚಿಡಬೇಡಿ, ನೋಡದವರೂ ಇದ್ದಾರೆ.

ಹಳೇಪ್ರೊಜೆಕ್ಟರ್
ಮೂಲ ಕಾರ್ಟೂನು ಶ್ರೀಮಂತ, ಈ ಸಿನಿಮಾ ಬಡವ ಅಂತ ಶುರು ಮಾಡಿದರೆ ಲೆಕ್ಕ ತಪ್ಪುತ್ತೆ. 1969ರ ಸೆಪ್ಟೆಂಬರ್ 13ರಂದು ಅಮೆರಿಕಾದ ಸಿಬಿಎಸ್ ಚಾನೆಲ್ಲಿನಲ್ಲಿ ಶುರುವಾದ 'ಸ್ಕೂಬಿ-ಡೂ, ವೇರ್ ಆರ್ ಯೂ!' ಕೂಡ ಕಾಸು ಎಣಿಸಿ ಮಾಡಿದ್ದೇ. ಅದನ್ನ ಮಾಡಿದ ಹ್ಯಾನ್ನಾ-ಬಾರ್ಬೆರಾ ಸ್ಟುಡಿಯೊದವರು ಟೀವಿಗೆಂದು ಕಟ್ಟಿದ ಪದ್ಧತಿಯೇ ಚಿತ್ರ ಬಿಡಿಸೋದನ್ನ ಉಳಿಸೋ ಪದ್ಧತಿ. ಮೈ ಒಂದು ಹಾಳೆಯಲ್ಲಿ ಅಲ್ಲಾಡದೆ ನಿಲ್ಲುತ್ತೆ. ತಲೆ, ಬಾಯಿ, ಕೈ ಮಾತ್ರ ಬೇರೆ ಹಾಳೆಗಳಲ್ಲಿ ಬದಲಾಗುತ್ತೆ. ತಲೆ-ಮೈ ಕೂಡುವ ಗೆರೆ ಕಾಣಬಾರದು ನೋಡಿ, ಅದಕ್ಕೇ ಆ ಸ್ಟುಡಿಯೊದ ಪ್ರಾಣಿಗಳಿಗೆಲ್ಲ ಕಾಲರ್ರು, ಟೈ. ಸ್ಕೂಬಿಯ ಕೊರಳಪಟ್ಟಿ, ಫ್ರೆಡ್‌ನ ಕಿತ್ತಳೆ ಬಣ್ಣದ ಕೊರಳವಸ್ತ್ರ, ಡ್ಯಾಫ್ನಿಯ ಹಸಿರು ಸ್ಕಾರ್ಫು, ವೆಲ್ಮಾಳ ಕತ್ತು ಮುಚ್ಚುವ ಸ್ವೆಟರು ಎಲ್ಲವೂ ಆ ಜಾಗದಲ್ಲೇ ಕೂತಿವೆ. ಶ್ಯಾಗಿ ಒಬ್ಬನೇ ಬರೀ ಕತ್ತಿನವನು.

ಕಥೆಯಲ್ಲೂ ಅದೇ ಜಿಪುಣತನ. ಒಂದು ಜಾಗ, ಹೊರಗಿನ ಎರಡು ಮೂರು ಜನ, ಒಂದು ದೆವ್ವ. ಮೊದಲ ಕಂತನ್ನೇ ತಗೊಳ್ಳಿ: ಮ್ಯೂಸಿಯಮ್ಮು, ಕಪ್ಪು ಕವಚದ ಯೋಧ, ಕೊನೆಗೆ ಕವಚದೊಳಗೆ ಕ್ಯುರೇಟರ್ ವಿಕಲ್ಸ್. ಅಸಲಿ ಚಿತ್ರಪಟಗಳ ಜಾಗಕ್ಕೆ ನಕಲಿ ಇಟ್ಟು ಸಾಗಿಸೋ ದಂಧೆ. ಓಡುವಾಗ ಹಿಂದೆ ಅದೇ ಗೋಡೆ, ಅದೇ ಕಂಬ ಸುತ್ತಿ ಸುತ್ತಿ ಬರುತ್ತೆ. ಎರಡು ಸೀಸನ್, 25 ಕಂತು ಈ ಬಂಡವಾಳದಲ್ಲೇ ಓಡಿತು.

ಲೈವ್ ಆಕ್ಷನ್, ಅಂದ್ರೆ ನಟರೇ ಅಭಿನಯಿಸಿದ ಸಿನಿಮಾಗಳ ಸಾಲು ಹೀಗಿದೆ. 2002ರಲ್ಲಿ ರಾಜಾ ಗೋಸ್ನೆಲ್ ನಿರ್ದೇಶನ, ಜೇಮ್ಸ್ ಗನ್ ಚಿತ್ರಕಥೆ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಶೂಟಿಂಗ್, 8.4 ಕೋಟಿ ಡಾಲರ್ ಬಜೆಟ್ಟು. 2004ರಲ್ಲಿ ಅದರ ಎರಡನೇ ಭಾಗ. 2009, 2010ರಲ್ಲಿ ಕಾರ್ಟೂನ್ ನೆಟ್‌ವರ್ಕ್‌ಗೆ ಎರಡು ಟೀವಿ ಸಿನಿಮಾ, ಎರಡಕ್ಕೂ ಬ್ರಯಾನ್ ಲೆವಾಂಟ್ ನಿರ್ದೇಶಕ. ಆಮೇಲೆ 2018ರ ಮೇ 22ಕ್ಕೆ ನಮ್ಮ ಈ ಚಿತ್ರ. ನಿರ್ದೇಶಕಿ ಸೂಝಿ ಯೂನೆಸ್ಸಿ. ನಿರ್ಮಾಣ ನಟಿ ಆಶ್ಲಿ ಟಿಸ್‌ಡೇಲ್ ಅವರ ಬ್ಲಾಂಡಿ ಗರ್ಲ್ ಸಂಸ್ಥೆ. ಡ್ಯಾಫ್ನಿ ಸಾರಾ ಜೆಫ್ರಿ, ವೆಲ್ಮಾ ಸಾರಾ ಗಿಲ್ಮನ್. ಉದ್ದ ಸುಮಾರು ಒಂದೂಕಾಲು ಗಂಟೆ.

ನನ್ನ ತೀರ್ಪು ಇಷ್ಟೇ: ನಾಯಿಯನ್ನ ಬಿಟ್ಟಿದ್ದು ತಪ್ಪಲ್ಲ. ದೆವ್ವದ ವೇಷವನ್ನ ಬಡವಾಗಿಸಿದ್ದು ತಪ್ಪು.

ಕತ್ತರಿಕೆಲಸ
ನಾಯಿ ಯಾಕೆ ಬಿಡಲೇಬೇಕಾಯ್ತು ಅನ್ನೋದಕ್ಕೆ ಕೆಲಸದ ಪಟ್ಟಿ ನೋಡಿ. 2002ರಿಂದ 2010ರವರೆಗಿನ ನಾಲ್ಕರಲ್ಲೂ ನಾಯಿ ಪೂರ್ತಿ ಕಂಪ್ಯೂಟರ್ ಗ್ರಾಫಿಕ್ಸು. ಗ್ರಾಫಿಕ್ಸ್ ಖರ್ಚು ಸಿನಿಮಾಕ್ಕಿಷ್ಟು ಅಂತ ಬರಲ್ಲ, ಶಾಟ್‌ಗಿಷ್ಟು ಅಂತ ಬರುತ್ತೆ. ನಾಯಿ ಮುಖ್ಯ ಪಾತ್ರ ಆದ್ರೆ ಪ್ರತಿ ದೃಶ್ಯದ ಅರ್ಧ ಶಾಟಿನಲ್ಲಿ ಅದು ಇರಬೇಕು.

ಒಂದೊಂದು ಶಾಟಿಗೂ ಸೆಟ್ಟಿನಲ್ಲಿ ಆಗಬೇಕಾದ್ದು: ಮೊದಲು ನಾಯಿ ಎತ್ತರದ ಗೊಂಬೆ ಇಟ್ಟು ರಿಹರ್ಸಲ್. ಸ್ಕೂಬಿಯದು ಗ್ರೇಟ್ ಡೇನ್ ತಳಿ; ಗಂಡು ಭುಜದ ಹತ್ತಿರ ಸುಮಾರು 80 ಸೆಂ.ಮೀ. ಬರುತ್ತೆ, ತಲೆ ಅದಕ್ಕಿಂತ ಮೇಲೆ. ಆಮೇಲೆ ಗೊಂಬೆ ತೆಗೆದು, ಕೋಲಿನ ತುದಿಗೆ ಟೆನ್ನಿಸ್ ಚೆಂಡು ಸಿಕ್ಕಿಸಿ ಕಣ್ಣು ಎಲ್ಲಿ ನೋಡಬೇಕು ಅಂತ ತೋರಿಸಿ ಟೇಕ್. ಆಮೇಲೆ ಯಾರೂ ಇಲ್ಲದ ಖಾಲಿ ಫ್ರೇಮ್. ಆಮೇಲೆ ಬೂದು ಗುಂಡು, ಕನ್ನಡಿ ಗುಂಡು ಹಿಡಿದು ಬೆಳಕಿನ ದಾಖಲೆ. ನಟರು ನಾಯಿಯನ್ನ ಮುಟ್ಟಿದ್ರೆ ಲೆಕ್ಕ ಇನ್ನೂ ಏರುತ್ತೆ. ರೋಮ ಬೆರಳಿನ ಕೆಳಗೆ ಒತ್ತಬೇಕು, ಬೆರಳಿನ ನೆರಳು ರೋಮದ ಮೇಲೆ ಬೀಳಬೇಕು. ಕಡಿಮೆ ದುಡ್ಡಿನವರು ಇಲ್ಲೇ ಸಿಕ್ಕಿಬೀಳೋದು. ನಾಯಿ ಚೆನ್ನಾಗಿರುತ್ತೆ, ಅದರ ಪಾದ ನೆಲಕ್ಕೆ ತಾಗಿರಲ್ಲ.

ಅಸಲಿ ನಾಯಿ ತರೋಣ ಅಂದ್ರೆ ಅದು ಸ್ಕೂಬಿ ಥರ ಇರೋದೇ ಇಲ್ಲ. ಪಾತ್ರ ವಿನ್ಯಾಸ ಮಾಡಿದ ಇವಾವೊ ಟಕಮೊಟೊ, ಗ್ರೇಟ್ ಡೇನ್ ಸಾಕುವವರೊಬ್ಬರ ಹತ್ತಿರ ಒಳ್ಳೇ ತಳಿಯ ಲಕ್ಷಣ ಕೇಳಿಕೊಂಡು ಬೇಕಂತಲೇ ಎಲ್ಲಾ ಉಲ್ಟಾ ಬರೆದರು: ಬೆನ್ನು ಇಳಿಜಾರು, ಕಾಲು ಸೊಟ್ಟ, ಗದ್ದ ಎರಡು.

ಧಾರವಾಡ_ಸ್ಟುಡಿಯೊ
ಅಸಲಿ ನಾಯಿ ವಿಚಾರ ಬಂತಂತ ಹೇಳ್ತೀನ್ರಿ. ನಮ್ಮಲ್ಲೆ ಸಿನಿಮಾಕ್ಕ ಪ್ರಾಣಿ ಬಳಸಬೇಕಂದ್ರ ಪ್ರಾಣಿ ಕಲ್ಯಾಣ ಮಂಡಳಿಯಿಂದ ಮೊದಲೇ ಒಪ್ಪಿಗಿ ತಗೋಬೇಕು, 2001ರ ನಿಯಮದಾಗ ನೋಂದಣಿ ಆಗಿರಬೇಕು. ಆ ಕಾಗದ ಇಲ್ಲದ ಸೆನ್ಸಾರ್‌ಗೆ ಹೋದ್ರ ಅಲ್ಲೇ ನಿಂದರ್ತದ. ಯಾರೋ ಮನಿ ನಾಯಿ ತಂದು ಎರಡು ಶಾಟ್ ಹೊಡದ್ರ ಏನಾಗ್ತದ ಅನ್ನಬ್ಯಾಡ್ರಿ.

ಹುಡುಗರ ವಿಚಾರನೂ ಅಷ್ಟ. 14 ತುಂಬದ ಮಕ್ಕಳು ವಾಣಿಜ್ಯ ಶೂಟಿಂಗ್‌ನಾಗ ಇದ್ರ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ದಿನಕ್ಕ ಐದು ತಾಸಿನ ಮ್ಯಾಲೆ ಕೆಲಸ ಇಲ್ಲ, ಮೂರು ತಾಸಿಗೊಮ್ಮೆ ವಿಶ್ರಾಂತಿ ಕೊಡಬೇಕು. ಅಮೆರಿಕಾದಾಗೂ ಎಳೆಯರಿಗೆ ತಾಸಿನ ಮಿತಿ ಅದ. ಅದಕ್ಕ ಅಲ್ಲಿ ಹೈಸ್ಕೂಲ್ ಪಾತ್ರಕ್ಕ 18 ದಾಟಿದವರನ್ನ ಹಾಕ್ತಾರ. ಈ ಸಿನಿಮಾದ ಇಬ್ಬರೂ ಹುಡುಗ್ಯಾರು ಇಪ್ಪತ್ತು ದಾಟಿದವರ. ಕಾಲೇಜ್ ಹುಡುಗರನ್ನ ಹಾಕ್ಕೊಂಡು ಕಥಿನ ಪಿಯುಸಿಗೆ ತಂದಬಿಡ್ರಿ, ತಲಿಬ್ಯಾನಿ ಇಲ್ಲ.

ಹೆಸರು ಮಾತ್ರ ಅವರದ ಬಳಸಬ್ಯಾಡ್ರಿ. ಪಾತ್ರ, ಹೆಸರು, ವೇಷ ಎಲ್ಲಾ ವಾರ್ನರ್ ಬ್ರದರ್ಸ್ ಸೊತ್ತು. ನಾಲ್ಕು ಮಂದಿ ಸೇರಿ ದೆವ್ವದ ಮುಖವಾಡ ಕಳಚೋ ಐಡಿಯಾ ಯಾರಪ್ಪಂದೂ ಅಲ್ಲ.

ನಡುರಾತ್ರಿರೀಲು
ನಾಯಿ ಬೇಡ, ನಿರ್ಧಾರ ಆಯ್ತು. @ಹಳೇಪ್ರೊಜೆಕ್ಟರ್ ಸರ್, ದೆವ್ವದ ವೇಷ ಬಡವಾಯ್ತು ಅಂದ್ರಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀರಾ?

ಹಳೇಪ್ರೊಜೆಕ್ಟರ್
ಕಥೆಯ ಜಾಗ ರಿಡ್ಜ್ ವ್ಯಾಲಿ ಅನ್ನೋ ಹೈಸ್ಕೂಲು. ಅಲ್ಲಿ ಎಲ್ಲವೂ ತಂತ್ರಜ್ಞಾನಮಯ, ಗೋಡೆ ತುಂಬಾ ಸ್ಕ್ರೀನು. ಓದಿನಲ್ಲಿ ಮುಂದಿರೋ ಮಕ್ಕಳು ಒಬ್ಬೊಬ್ಬರಾಗಿ ಬುದ್ಧಿ ಕಳಕೊಂಡವರ ಹಾಗೆ, ಜೀವಂತ ಶವದ ಹಾಗೆ ವಾಪಸ್ ಬರ್ತಾರೆ. ಡ್ಯಾಫ್ನಿಗೆ ಅತಿಮಾನುಷದಲ್ಲಿ ನಂಬಿಕೆ, ವೆಲ್ಮಾಗೆ ಇಲ್ಲ. ಈ ಜಗಳ ಚೆನ್ನಾಗಿದೆ, ಇಬ್ಬರು ಹುಡುಗಿಯರೂ ಚೆನ್ನಾಗಿ ಮಾಡಿದ್ದಾರೆ, ಅದಕ್ಕೆ ಕಾಸೂ ಖರ್ಚಿಲ್ಲ.

ಆದರೆ ದುಡ್ಡು ಕಡಿಮೆ ಇರುವಾಗ 'ನಾಳಿನ ಶಾಲೆ' ತೋರಿಸೋಕೆ ಹೋದರೆ ಹೊಸ ಬಣ್ಣ ಬಳಿದ ಇವತ್ತಿನ ಶಾಲೆ ಕಾಣುತ್ತೆ. ಹಾಳು ಬಿದ್ದ ಗಣಿ, ಮುಚ್ಚಿದ ಏರ್‌ಫೀಲ್ಡು, ರಾತ್ರಿ ಮ್ಯೂಸಿಯಮ್ಮು: 1969ರವರು ಇಂಥವನ್ನ ಆರಿಸಿದ್ದಕ್ಕೆ ಕಾರಣ ಇದೆ. ಹಳೇದಕ್ಕೆ ಅಲಂಕಾರ ಬೇಡ, ಕತ್ತಲೆ ಸಾಕು. ಇನ್ನು ದೆವ್ವ. ಕಾರ್ಟೂನಿನಲ್ಲಿ ದೆವ್ವಕ್ಕೊಂದು ಆಕಾರ, ಒಂದು ಹೆಸರು, ಒಂದು ಹುಟ್ಟುಕಥೆ ಇರುತ್ತೆ. ಕ್ಯಾಪ್ಟನ್ ಕಟ್ಲರ್ ಅಂದ್ರೆ ಹೊಳೆಯೋ ಪಾಚಿ ಮೆತ್ತಿಕೊಂಡ ಮುಳುಗುಗಾರನ ಪೋಷಾಕು, ಒಂದೇ ಸಲ ನೋಡಿದರೂ ಮರೆಯಲ್ಲ. ಇಲ್ಲಿ ಮಂಕು ಬಡಿದ ಮಕ್ಕಳಿದ್ದಾರೆ; ಎದೆ ಜುಮ್ಮೆನ್ನಿಸೋ ಒಂದು ರೂಪ ಮನಸ್ಸಿನಲ್ಲಿ ನಿಲ್ಲಲ್ಲ. ಮುಖವಾಡ ಕಳಚೋ ಕ್ಷಣಕ್ಕೆ ಕಾಯುವ ಪ್ರೇಕ್ಷಕನಿಗೆ ಕಳಚೋಕೆ ಏನೂ ಕೊಡದಿದ್ದರೆ ಹೇಗೆ?

ನಿಮ್ಮ ಕಥೆಯನ್ನ ಹಿಂದಿನಿಂದ ಕಟ್ಟಿ. ಕಳ್ಳನಿಗೆ ಆ ಜಾಗದಲ್ಲಿ ಏನು ಬೇಕು? ಯಾರನ್ನ ಅಲ್ಲಿಂದ ಓಡಿಸಬೇಕು? ಅವರು ಯಾವುದಕ್ಕೆ ಹೆದರ್ತಾರೆ? 'ಮೈನ್ ಯುವರ್ ಓನ್ ಬಿಸಿನೆಸ್' ಕಂತಿನಲ್ಲಿ ಹ್ಯಾಂಕ್ ಎಂಬುವನಿಗೆ ಆ ನೆಲದಡಿ ಎಣ್ಣೆ ಇರೋದು ಗೊತ್ತು, ಜಾಗ ಅಗ್ಗಕ್ಕೆ ಬೇಕು, ಗಣಿ ಕಾರ್ಮಿಕನ ದೆವ್ವ ಬಂದರೆ ಅತಿಥಿಗಳು ಓಡ್ತಾರೆ. ಮೂರು ಸಾಲಿನಲ್ಲಿ ಮುಗೀತು. ಇಪ್ಪತ್ತು ನಿಮಿಷದ ಚಿತ್ರದಲ್ಲಿ ಕಳ್ಳ ಐದನೇ ನಿಮಿಷದೊಳಗೆ ಬರಿಮುಖದಲ್ಲಿ ಬಂದು ಎರಡು ಮಾತಾಡಿರಬೇಕು. ಸುಳಿವು ಮೂರು: ಒಂದು ಕಣ್ಣಿಗೆ, ಒಂದು ಕಿವಿಗೆ, ಒಂದು ತಪ್ಪು ಅರ್ಥ ಬರುವಂಥದ್ದು. ಅನುಮಾನ ಹುಟ್ಟಿಸೋ ನಿರಪರಾಧಿ ಒಬ್ಬ ಸಾಕು. ಇಬ್ಬರನ್ನ ಇಟ್ಟರೆ ಇಬ್ಬರಿಗೂ ಬಿಡುಗಡೆ ಕೊಡೋಕೆ ಒಂದೊಂದು ದೃಶ್ಯ ಬೇಕು.

ಚೌಕಿಮನೆ
ಮುಖವಾಡಕ್ಕೆ ಬರುವ ಮಾರಾಯ್ರೆ, ಇಲ್ಲಿ ದುಡ್ಡು ಹಾಕಿ. ನೂರು ರೂಪಾಯಿ ಇದ್ರೆ ಮೂವತ್ತೈದು ವೇಷಕ್ಕೆ. ನಮ್ಮ ಯಕ್ಷಗಾನದ ಬಣ್ಣದ ವೇಷದ ಹಾಗೆ ಚಿಟ್ಟಿ (ಹಿಟ್ಟಿನ ಉಬ್ಬು ಚುಕ್ಕೆ) ಇಟ್ಟು ಮುಖ ಬರೆದ್ರೆ ಚಂದ ಕಾಣ್ತದೆ, ಆದ್ರೆ ಕೊನೆಗೆ ಕೀಳ್ಲಿಕ್ಕೆ ಎಂತದೂ ಇರುದಿಲ್ಲ. ಹಾಗಾಗಿ ಇಡೀ ತಲೆಗೆ ಇಳಿಯುವ ರಬ್ಬರ್ ಮುಖವಾಡವೇ ಆಗಬೇಕು.

ಮಾಡುವ ಕ್ರಮ: ಬಟ್ಟೆ ಅಂಗಡಿಯ ಬೊಂಬೆ ತಲೆ ಒಂದು ತನ್ನಿ. ಜೀವಂತ ಮುಖದ ಮೇಲೆ ಪ್ಲಾಸ್ಟರ್ ಹಾಕಲೇಬೇಡಿ, ಅದು ಗಟ್ಟಿಯಾಗುವಾಗ ಬಿಸಿ ಬರ್ತದೆ, ಸುಟ್ಟುಹೋಗ್ತದೆ. ಬೊಂಬೆ ತಲೆ ನಟನ ತಲೆಗಿಂತ ಚಿಕ್ಕದಿರ್ತದೆ, ಮೊದಲು ಸುತ್ತ ಜೇಡಿಮಣ್ಣು ಹಚ್ಚಿ ಅಳತೆಗೆ ತನ್ನಿ. ಲೇಟೆಕ್ಸ್ ಒಣಗಿದಾಗ ಸ್ವಲ್ಪ ಕುಗ್ಗುವುದರಿಂದ ನಟನ ಅಳತೆಗಿಂತ ಒಂದು ಬೆರಳು ದೊಡ್ಡದೇ ಇರಲಿ. ಅದರ ಮೇಲೆ ಮುಖ ಕೆತ್ತಿ. ಐದಾರು ಕಿಲೋ ಮಣ್ಣು ಬೇಕು. ಗೆರೆ, ಸುಕ್ಕು ಎಲ್ಲ ನಿಮಗೆ ಸರಿ ಕಂಡದ್ದಕ್ಕಿಂತ ಇನ್ನೂ ಆಳ ಮಾಡಿ. ಕತ್ತಲೆಯಲ್ಲಿ ಸಣ್ಣ ಗೆರೆ ಕಾಣುದಿಲ್ಲ.

ಅಚ್ಚು ಎರಡು ಭಾಗದ್ದು, ಮುಂದೊಂದು ಹಿಂದೊಂದು. ಕಿವಿಯ ಹಿಂದೆ ಮಣ್ಣಿನ ಗೋಡೆ ಕಟ್ಟಿ, ಅಂಚಿನಲ್ಲಿ ನಾಲ್ಕೈದು ಕುಳಿ ಒತ್ತಿ, ಅದು ಮತ್ತೆ ಜೋಡಿಸುವಾಗ ಕೀಲು. ಒಂದು ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋದಷ್ಟು ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಹೊಯ್ಯಬೇಡಿ, ಗಂಟು ಕಟ್ತದೆ. ಮೊದಲ ಪದರ ತೆಳು, ಬ್ರಷ್‌ನಲ್ಲಿ, ಗುಳ್ಳೆ ಊದಿ ಒಡೀರಿ. ಎರಡನೆಯದಕ್ಕೆ ಗೋಣಿನಾರು ಅದ್ದಿ ಹಾಕಿ. ದಪ್ಪ ಮೂರ್ನಾಲ್ಕು ಸೆಂ.ಮೀ. ಮೊದಲ ಭಾಗ ಗಟ್ಟಿಯಾದ ಮೇಲೆ ಅದರ ಅಂಚಿಗೆ ಮಾತ್ರ ಸಾಬೂನು ನೀರು ದಪ್ಪ ಮಾಡಿ ಹಚ್ಚಿ, ಇಲ್ಲದಿದ್ರೆ ಎರಡೂ ಭಾಗ ಒಂದಾಗಿ ಕೂತು ಸುತ್ತಿಗೆಯಲ್ಲಿ ಒಡೆಯಬೇಕಾದೀತು. ಅಚ್ಚಿನ ಒಳಗೆ ಎಣ್ಣೆ, ವ್ಯಾಸಲೀನ್ ಎಂತದೂ ಬೇಡ. ಪ್ಲಾಸ್ಟರ್ ನೀರು ಹೀರಿಕೊಂಡ್ರೆ ಮಾತ್ರ ಲೇಟೆಕ್ಸ್ ಗೋಡೆಗೆ ಹಿಡಿಯುವುದು, ಎಣ್ಣೆ ರಬ್ಬರನ್ನೇ ತಿಂತದೆ.

ಎರಡೂ ಭಾಗ ಗಟ್ಟಿಯಾದ ಮೇಲೆ ಬಿಚ್ಚಿ, ಒಳಗಿನ ತಲೆ, ಮಣ್ಣು ಎಲ್ಲ ತೆಗೀರಿ. ಅಚ್ಚು ಎರಡು ಮೂರು ದಿನ ಒಣಗಲಿ. ಜೋಡಿಸಿ, ಹಗ್ಗ ಬಿಗಿದು, ಲೇಟೆಕ್ಸ್ ತುಂಬಿ ಮೂವತ್ತು ನಲವತ್ತು ನಿಮಿಷ ಬಿಟ್ಟು ವಾಪಸ್ ಡಬ್ಬಕ್ಕೆ ಹೊಯ್ಯಿರಿ. ತುಂಬುವಷ್ಟು ಇಲ್ಲದಿದ್ರೆ ಒಂದು ಲೀಟರಲ್ಲಿ ಐದಾರು ಪದರ ಬ್ರಷ್ ಮಾಡಿ, ಪ್ರತಿ ಪದರ ಒಣಗಿದ ಮೇಲೆ ಮುಂದಿನದ್ದು. ಒಂದು ದಿನ ಒಣಗಿಸಿ, ಒಳಗೆ ಟಾಲ್ಕಂ ಪೌಡರ್ ಸುರಿದು, ಎಳೆಯುತ್ತಾ ಪೌಡರ್ ಹಾಕುತ್ತಾ ಬಿಡಿಸಿ. ಪೌಡರ್ ಮರೆತ್ರೆ ರಬ್ಬರಿಗೆ ರಬ್ಬರ್ ಅಂಟಿತು, ಮುಗೀತು, ಬಿಡಿಸ್ಲಿಕ್ಕೆ ಆಗುದಿಲ್ಲ.

ಸುಳ್ಯ, ಪುತ್ತೂರು ಕಡೆಯವರು ತೋಟದ ರಬ್ಬರ್ ಹಾಲನ್ನೇ ಬಳಸುವ ಅಂತ ಹೊರಡ್ತಾರೆ. ಅದು ಆಗುದಿಲ್ಲ. ಮರದಿಂದ ಇಳಿದ ಹಾಲಿನಲ್ಲಿ ರಬ್ಬರ್ ಮೂರನೇ ಒಂದು ಪಾಲು ಮಾತ್ರ, ಕೆಲವೇ ಗಂಟೆಯಲ್ಲಿ ಹೆಪ್ಪುಗಟ್ತದೆ. ಬೇಕಾದ್ದು ಅಮೋನಿಯ ಹಾಕಿ 60 ಶೇಕಡಾಕ್ಕೆ ಗಟ್ಟಿ ಮಾಡಿದ, ವಲ್ಕನೈಸ್ ಆದ ಲೇಟೆಕ್ಸ್. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ನಾತ ಜೋರು ಉಂಟು. ಹಾಕಿಕೊಳ್ಳುವವರ ಮೊಣಕೈ ಒಳಬದಿಗೆ ಒಂದು ತುಂಡು ಕಟ್ಟಿ ತುರಿಕೆ ಬರ್ತದಾ ಹಿಂದಿನ ದಿನವೇ ನೋಡಿ.

ನಿಶಾಚರಿ
ಮೇಲಿನ ಪೋಸ್ಟಿಗೆ ಒಂದು ಸೇರಿಸಬೇಕು: ಬಣ್ಣ. ಆಯಿಲ್ ಪೇಂಟ್ ಹಚ್ಚಿದರೆ ರಬ್ಬರ್ ಮೆತ್ತಗಾಗಿ ಅಂಟಂಟಾಗುತ್ತೆ. ಬರೀ ಅಕ್ರಿಲಿಕ್ ಹಚ್ಚಿದರೆ ನಕ್ಕ ಕೂಡಲೇ ಬಿರುಕು. ಅಕ್ರಿಲಿಕ್ಕಿಗೆ ಸ್ವಲ್ಪ ಲೇಟೆಕ್ಸ್ ಬೆರೆಸಿ ಹಚ್ಚಿದರೆ ಬಣ್ಣವೂ ಜೊತೆಗೇ ಹಿಗ್ಗುತ್ತೆ. ಬ್ರಷ್ಷನ್ನ ಮೊದಲು ಸಾಬೂನು ನೀರಿಗೆ ಅದ್ದಿಕೊಳ್ಳಿ, ಇಲ್ಲದಿದ್ದರೆ ಬ್ರಷ್ ಅಲ್ಲಿಗೇ ಸತ್ತಿತು.

ಹೊಳೆಯೋ ದೆವ್ವ ಬೇಕಂದ್ರೆ ಫ್ಲೋರೊಸೆಂಟ್ ಬಣ್ಣ ಮತ್ತು ಯುವಿ ದೀಪ. 395 ನ್ಯಾನೋಮೀಟರಿನ ಅಗ್ಗದ ಎಲ್‌ಇಡಿ ನೇರಳೆ ಬೆಳಕನ್ನೂ ಚೆಲ್ಲುತ್ತೆ, ಗೋಡೆಯೆಲ್ಲ ನೇರಳೆ ಆಗುತ್ತೆ. 365ರದ್ದು ಸ್ವಚ್ಛ, ಬೆಲೆ ಜಾಸ್ತಿ, ಕಣ್ಣಿಗೆ ನೇರ ಹಿಡಿಯೋ ಹಾಗಿಲ್ಲ. ಇನ್ನೊಂದು ತಮಾಷೆ: ಸೋಪಿನ ಪುಡಿಯಲ್ಲಿ ಒಗೆದ ಬಿಳಿ ಬಟ್ಟೆಯೂ ಹೊಳೆಯುತ್ತೆ, ಟಿನೋಪಾಲ್ ಹಾಕಿದ್ದಾದರಂತೂ ಶಾಲೆ ಯೂನಿಫಾರಂ ದೆವ್ವಕ್ಕಿಂತ ಜೋರಾಗಿ ಮಿಂಚುತ್ತೆ. ಹಲ್ಲೂ ಅಷ್ಟೇ. ಹೀರೊಗಳಿಗೆ ಆ ದೃಶ್ಯದಲ್ಲಿ ಗಾಢ ಬಣ್ಣದ ಬಟ್ಟೆ ಹಾಕಿಸಿ, ಯುವಿ ದೀಪದಿಂದ ದೂರ ನಿಲ್ಲಿಸಿ.

ಕತ್ತರಿಕೆಲಸ
ಕಳಚೋ ಶಾಟ್ ಬಗ್ಗೆ ಯಾರೂ ಹೇಳಲಿಲ್ಲ. ಇಡೀ ಚಿತ್ರ ನಿಂತಿರೋದು ಅದರ ಮೇಲೆ, ಮತ್ತು ಅದು ಸುಲಭಕ್ಕೆ ಕೆಡುತ್ತೆ.

ಮುಖವಾಡದ ಕಣ್ಣಿನ ತೂತಿನ ಸುತ್ತ ನಟನ ಚರ್ಮ ಕಾಣಬಾರದು ಅಂತ ಎಲ್ಲರೂ ಕಣ್ಣಿನ ಸುತ್ತ ಕಪ್ಪು ಬಳೀತಾರೆ. ಮುಖವಾಡ ಕಿತ್ತ ಕೂಡಲೇ ಕಪ್ಪು ಕಣ್ಣಿನ ಕಳ್ಳ ಎದ್ದು ಬರ್ತಾನೆ, ಜನ ನಗ್ತಾರೆ. ಇದಕ್ಕೆ ಉಪಾಯ ಒಳಗಿನಿಂದ ಕಪ್ಪು ಜಾಲರಿ ಬಟ್ಟೆ ಅಂಟಿಸೋದು. ಕಪ್ಪು ಸ್ಟಾಕಿಂಗ್ಸ್ ಬಟ್ಟೆ ಒಂದೇ ಪದರ ಸಾಕು. ಒಳಗಿನವನಿಗೆ ಕಾಣುತ್ತೆ, ಹೊರಗಿನವರಿಗೆ ಬರೀ ಕುಳಿ. ಆದರೆ ಮೆಟ್ಟಿಲಿನ ಮೇಲೆ ಓಡಿಸಬೇಡಿ, ಕೆಳಗಿನದ್ದು ಅವನಿಗೆ ಕಾಣಲ್ಲ.

ಕುತ್ತಿಗೆ ಹಿಂದೆ 15ರಿಂದ 18 ಸೆಂ.ಮೀ. ಸೀಳಿ, ವೆಲ್ಕ್ರೊ ಹಾಕಿ. ಸೀಳದೆ ಎಳೆದರೆ ಗದ್ದಕ್ಕೆ ಸಿಕ್ಕಿ ಎರಡು ಸೆಕೆಂಡ್ ಒದ್ದಾಟ. ತಲೆಗೂದಲಿಗೆ ಈಜುಟೋಪಿ ಬೇಡ, ಅದೂ ಕಾಣುತ್ತೆ; ಕೂದಲು ಒದ್ದೆ ಮಾಡಿ ಹಿಂದಕ್ಕೆ ಬಾಚಿ, ಒಳಗೆ ಪೌಡರ್. ಎಳೆಯುವ ಕೈ ಗದ್ದದ ಕೆಳಗಿನಿಂದ ಮೇಲಕ್ಕೆ, ಹಿಂದಕ್ಕೆ ಹೋಗಲಿ.

ಮೂರು ಶಾಟಿನಲ್ಲಿ ಮಾಡಿ. ಮೊದಲನೆಯದು ಕೈ ಮುಖವಾಡದ ಅಂಚು ಹಿಡಿಯೋದು, ಹತ್ತಿರದಿಂದ. ಎರಡನೆಯದು ನೋಡುತ್ತಾ ನಿಂತ ನಾಲ್ವರ ಮುಖ. ಮೂರನೆಯದು ಮುಖವಾಡ ಫ್ರೇಮಿನಿಂದ ಆಚೆ ಹೋಗುತ್ತಾ ಇರುವಾಗ ಶುರುವಾಗಲಿ. ಹೀಗೆ ಮಾಡಿದರೆ ದೆವ್ವವಾಗಿ ಓಡಿದವನು ಬೇರೆ, ಕಳ್ಳ ಬೇರೆ ಆದರೂ ಗೊತ್ತಾಗಲ್ಲ. ಎತ್ತರ ಮಾತ್ರ ಹೊಂದಬೇಕು.

ನಡುರಾತ್ರಿರೀಲು
ಇದು ಚಿನ್ನ. ಬಾಗಿಲುಗಳ ಓಟ ಇದೆಯಲ್ಲ, ಕಾರಿಡಾರಿನಲ್ಲಿ ಒಂದು ಬಾಗಿಲಿಗೆ ನುಗ್ಗಿ ಇನ್ನೊಂದರಿಂದ ಬರೋದು, ಕೊನೆಗೆ ದೆವ್ವವೇ ಇವರಿಂದ ಓಡೋದು. ಅದು ಫೋನಿನಲ್ಲಿ ಆಗುತ್ತಾ?

ಕತ್ತರಿಕೆಲಸ
ಆಗುತ್ತೆ. ಟ್ರೈಪಾಡ್ ಅಲ್ಲಾಡಬಾರದು, ಅಷ್ಟೇ. ಕಾಲಿಗೆ ಮರಳಿನ ಚೀಲ ಕಟ್ಟಿ, ಕಾಲು ನಿಂತ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ರೆಕಾರ್ಡ್ ಗುಂಡಿಯನ್ನ ಫೋನಿನ ಮೇಲೆ ಒತ್ತಬೇಡಿ. ಇಯರ್‌ಫೋನಿನ ವಾಲ್ಯೂಮ್ ಗುಂಡಿ, ಬ್ಲೂಟೂತ್ ರಿಮೋಟ್ ಯಾವುದಾದರೂ ಆಗುತ್ತೆ.

ಕಾರಿಡಾರಿನಲ್ಲಿ ಆರು ಬಾಗಿಲು, ಎಡಕ್ಕೆ ಮೂರು, ಬಲಕ್ಕೆ ಮೂರು. ಮೊದಲು ಖಾಲಿ ಕಾರಿಡಾರ್ 30 ಸೆಕೆಂಡ್, ಎಲ್ಲಾ ಬಾಗಿಲು ಮುಚ್ಚಿ. ಆಮೇಲೆ ಒಂದೊಂದು ಓಟ ಬೇರೆ ಬೇರೆ ಟೇಕ್: ಯಾರು, ಯಾವ ಬಾಗಿಲಿನಿಂದ ಯಾವ ಬಾಗಿಲಿಗೆ, ಯಾವ ಸೆಕೆಂಡಿಗೆ ಅಂತ ಕಾಗದದ ಮೇಲೆ ಮೊದಲೇ ಬರೆದಿರಬೇಕು. ಜೋರಾಗಿ ಒಂದು, ಎರಡು ಎಣಿಸೋನು ಒಬ್ಬ ಇರಲಿ, ಆ ಸದ್ದು ಹೇಗೂ ತೆಗೆದುಹಾಕ್ತೀವಿ. ಎಡಿಟಿಂಗಿನಲ್ಲಿ ಪ್ರತಿ ಟೇಕನ್ನೂ ಒಂದರ ಮೇಲೊಂದು ಜೋಡಿಸಿ, ಬೇಕಾದ ಬಾಗಿಲಿನ ಭಾಗ ಮಾತ್ರ ಕತ್ತರಿಸಿ ಉಳಿಸೋದು. ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಪುಕ್ಕಟೆ ಆವೃತ್ತಿ ಸಾಕು.

ಕೆಡೋದು ಎಲ್ಲಿ ಅಂದ್ರೆ: ನೆರಳು. ಒಬ್ಬನ ನೆರಳು ಇನ್ನೊಬ್ಬನ ಭಾಗಕ್ಕೆ ಬಿದ್ದರೆ ಗೆರೆ ಹಾಕಿದ ಹಾಗೆ ಕತ್ತರಿಸಿಹೋಗುತ್ತೆ. ಬೆಳಕು ಮೇಲಿಂದ, ಮೆತ್ತಗೆ ಬರಲಿ. ಕಿಟಕಿ ಇದ್ದರೆ ಕಪ್ಪು ಬಟ್ಟೆ ಕಟ್ಟಿ. ಮೋಡ ಸರಿದರೆ ಮೊದಲ ಟೇಕು ಹಳದಿ, ಐದನೆಯದು ನೀಲಿ. ಬಾಗಿಲು ಪೂರ್ತಿ ಮುಚ್ಚದೆ ಎರಡು ಬೆರಳು ತೆರೆದು ನಿಂತರೂ ಮುಂದಿನ ಟೇಕ್ ಕೂಡಲ್ಲ, ಅದಕ್ಕೆ ಪ್ರತಿ ಬಾಗಿಲ ಹಿಂದೆ ಎಳೆದು ಮುಚ್ಚೋಕೆ ಒಬ್ಬ ನಿಂತಿರಲಿ. ದಢಾರ್ ಅಂತ ಬಡಿಸಬೇಡಿ, ನೆಲ ನಡುಗಿ ಕ್ಯಾಮೆರಾ ಒಂದು ಕೂದಲೆಳೆ ಸರಿಯುತ್ತೆ. ಬಡಿಯೋ ಸದ್ದು ಆಮೇಲೆ ಹಾಕಿ.

ಧಾರವಾಡ_ಸ್ಟುಡಿಯೊ
ಬೆಳಕಿನ ಬಗ್ಗೆ. ಶಾಲಿ ಟ್ಯೂಬ್‌ಲೈಟಿನಾಗ ಶೂಟ್ ಮಾಡಿದ್ರ ಪರದಿ ಮ್ಯಾಲೆ ಪಟ್ಟಿ ಓಡ್ತಾವ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕ 25 ಫ್ರೇಮು, ಶಟರ್ 1/50. ಇಂಟರ್ನೆಟ್ಟಿನಾಗ ಅಮೆರಿಕಾದವರು ಹೇಳೋ 1/60 ಅವರ 60 ಹರ್ಟ್ಸಿಗೆ. ಅಗ್ಗದ ಎಲ್‌ಇಡಿ ಬಲ್ಬ್, ಟಾರ್ಚ್ ಕೆಲವು 1/50ರಾಗೂ ಮಿಣಮಿಣ ಅಂತಾವ. ಶೂಟಿಂಗ್ ದಿನ ಅಲ್ಲ, ಖರೀದಿ ಮಾಡೋ ಮುಂಚೆ ಅಂಗಡಿಯಾಗ ಫೋನ್ ಹಿಡದು ನೋಡ್ರಿ.

ಟಾರ್ಚ್ ಹಿಡಕೊಂಡು ನಾಲ್ಕು ಮಂದಿ ನಡೆಯೋ ದೃಶ್ಯದಾಗ ಮುಖ ಕಪ್ಪಾಗಿ ಉಳೀತಾವ. ಕ್ಯಾಮೆರಾದ ಪಕ್ಕ ಥರ್ಮಾಕೋಲ್ ಹಾಳಿ ಹಿಡಸ್ರಿ, ಒಬ್ಬ ಪಾತ್ರಧಾರಿ ಅದಕ್ಕ ಟಾರ್ಚ್ ಹೊಡೀಲಿ. ಬೆಳಕು ತಿರುಗಿ ಮುಖಕ್ಕ ಬರ್ತದ, ಟಾರ್ಚಿನಿಂದನ ಬಂದಂಗ ಕಾಣ್ತದ.

ಹೊಗಿ ಬೇಕಂದ್ರ ಗ್ಲೈಕಾಲ್ ಮಷಿನ್ ಬಾಡಿಗಿ ತರ್ರಿ. ಹೊಗಿ ಹಿಂದಿನಿಂದ ಬೆಳಕು ಬಿದ್ದಾಗಷ್ಟ ಕಾಣ್ತದ, ಮುಂದಿನಿಂದ ಹೊಡದ್ರ ಬರೇ ಮಬ್ಬು. ನಳಿಗಿ ಮುಂದಿನ ನೆಲ ಜಾರ್ತದ, ಅಲ್ಲೆ ಓಡಸಬ್ಯಾಡ್ರಿ. ಡ್ರೈ ಐಸ್ ಬ್ಯಾಡ: ಅದರ ಗಾಳಿ ನೆಲಕ್ಕ ಕೂಡ್ತದ, ಮುಚ್ಚಿದ ಕ್ವಾಣ್ಯಾಗ ಕೆಳಗ ಬಿದ್ದು ನಟಿಸೋರಿಗೆ ಉಸಿರು ಸಿಗೂದಿಲ್ಲ.

ನಿಶಾಚರಿ
ಬಟ್ಟೆ ಬಣ್ಣ. ಕಾರ್ಟೂನಿನ ಪಾತ್ರಗಳು ಬಣ್ಣದಿಂದಲೇ ದೂರದಿಂದ ಗುರುತು ಸಿಗ್ತವೆ, ನೀವೂ ಒಬ್ಬರಿಗೊಂದು ಬಣ್ಣ ಹಂಚಿ. ಆದರೆ ಸಣ್ಣ ಕ್ಯಾಮೆರಾ ಅಚ್ಚ ಕೆಂಪು, ಅಚ್ಚ ನೇರಳೆಯನ್ನ ಸರಿಯಾಗಿ ಹಿಡಿಯಲ್ಲ. ಕೆಂಪು ಬಟ್ಟೆಯ ಮಡಿಕೆಗಳೇ ಮಾಯ, ನೇರಳೆ ಬಟ್ಟೆ ಎಲ್‌ಇಡಿ ಬೆಳಕಿನ ಕೆಳಗೆ ನೀಲಿ. ಒಂದು ಮಟ್ಟ ಮಾಸಿದ ಬಣ್ಣ ತಗೊಳ್ಳಿ, ನಾಲ್ಕೈದು ಸಲ ಒಗೆದ ಹತ್ತಿ ಬಟ್ಟೆ ಸರಿಹೋಗುತ್ತೆ. ದೆವ್ವಕ್ಕೆ ಇಟ್ಟ ಬಣ್ಣ ಬೇರೆ ಯಾರ ಮೈಮೇಲೂ ಬೇಡ. ದೆವ್ವದ ಬಟ್ಟೆ ಎರಡು ಜೊತೆ ಹೊಲಿಸಿ, ಓಟದಲ್ಲಿ ಮೊದಲು ಹರಿಯೋದು ಅದೇ.

ಹಳೇಪ್ರೊಜೆಕ್ಟರ್
ಫೋನು, ಲ್ಯಾಪ್‌ಟಾಪ್ ಸ್ಕ್ರೀನ್ ತೋರಿಸೋ ದೃಶ್ಯ ಇದ್ದೇ ಇರುತ್ತೆ. ಹಸಿರು ಸ್ಕ್ರೀನ್ ಇಟ್ಟು ಆಮೇಲೆ ತುಂಬಿಸೋಣ ಅನ್ನೋದು ಕಷ್ಟವನ್ನ ಮುಂದೂಡೋದು. ಹಸಿರು ಬೆಳಕು ಹುಡುಗಿಯ ಕನ್ನಡಕದಲ್ಲಿ ಕಾಣುತ್ತೆ, ವೆಲ್ಮಾ ತರದ ಪಾತ್ರ ಇದ್ದರೆ ಪ್ರತಿ ಶಾಟಿನಲ್ಲೂ. ತೋರಿಸಬೇಕಾದ ವಿಡಿಯೊ ಮೊದಲೇ ತಯಾರಿಸಿ ಅದನ್ನೇ ಓಡಿಸಿ, ಬ್ರೈಟ್‌ನೆಸ್ ಮುಖಕ್ಕೆ ಹೊಂದುವಷ್ಟು ಇಳಿಸಿ. ಕನ್ನಡಕದ ಗಾಜು ತೆಗೆದೇ ಶೂಟ್ ಮಾಡೋರಿದ್ದಾರೆ, ಮಧ್ಯಮ ದೂರದ ಶಾಟಿಗೆ ನಡೆಯುತ್ತೆ. ಹತ್ತಿರದ ಶಾಟಿಗೆ ಗಾಜು ಬೇಕು. ಕಡ್ಡಿಯನ್ನ ಕಿವಿಯ ಮೇಲೆ ಚೂರು ಎತ್ತಿದರೆ ಗಾಜು ಕೆಳಕ್ಕೆ ವಾಲಿ ಪ್ರತಿಫಲನ ಹೋಗುತ್ತೆ.

ದಿನದ ಲೆಕ್ಕ: ಚಿತ್ರಕಥೆಯ ಒಂದು ಪುಟ ಸುಮಾರು ಒಂದು ನಿಮಿಷ. ಕಸುಬಿನವರ ಕಡಿಮೆ ಬಜೆಟ್ ತಂಡ ದಿನಕ್ಕೆ ಐದು ಪುಟ ಮುಗಿಸಬಹುದು. ಹೊಸಬರು ಮೂರು ಅಂತ ಇಟ್ಟುಕೊಳ್ಳಿ, ಬಾಗಿಲ ಓಟಕ್ಕೆ ಮತ್ತು ಮುಖವಾಡ ಕಳಚೋದಕ್ಕೆ ಅರ್ಧ ಅರ್ಧ ದಿನ ಬೇರೆ. ಮುಖವಾಡದ ದೃಶ್ಯಗಳನ್ನ ಬೆಳಿಗ್ಗೆಗೆ ಹಾಕಿ. ಅದರೊಳಗೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಯಾರನ್ನೂ ಇಡಬೇಡಿ, ಬೆವರಿಗೆ ಬಣ್ಣವೂ ಏಳುತ್ತೆ.

ಚೌಕಿಮನೆ
ಮುಖವಾಡದೊಳಗಿಂದ ಮಾತಾಡಿಸಬೇಡಿ, ಎಂತ ಹೇಳಿದ್ದು ಅಂತ ಒಂದೂ ಗೊತ್ತಾಗುದಿಲ್ಲ. ದೆವ್ವಕ್ಕೆ ನಗು, ಕೂಗು ಮಾತ್ರ ಸಾಕು, ಅದನ್ನು ಬೇರೆ ರೆಕಾರ್ಡ್ ಮಾಡಿ. ಕಾರಿಡಾರಿನಲ್ಲಿ ಮಾತು ಗುಂಯ್ ಅಂತದೆ; ಕ್ಯಾಮೆರಾಕ್ಕೆ ಕಾಣದ ಗೋಡೆಗೆ ಕಂಬಳಿ, ಜಮಖಾನ ತೂಗಹಾಕಿ. ಪ್ರತಿ ಕೋಣೆಯ ಖಾಲಿ ಸದ್ದು ಒಂದು ನಿಮಿಷ ಹಿಡಿದಿಡಿ, ಎಡಿಟ್ ಮಾಡುವಾಗ ತೇಪೆ ಹಾಕ್ಲಿಕ್ಕೆ ಬೇಕಾಗ್ತದೆ.

ನಡುರಾತ್ರಿರೀಲು
ಸದ್ದನ್ನ ಬೇರೆ ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಆಮೇಲೆ ಕೂಡಿಸೋಕೆ ತೊಂದರೆ ಇಲ್ಲ ತಾನೆ?

ಕತ್ತರಿಕೆಲಸ
ತೊಂದರೆ ಇದೆ. ಫೋನಿನ ವಿಡಿಯೊ 25 ಫ್ರೇಮ್ ಅಂತ ತೋರಿಸಿದರೂ ಒಳಗೆ ಹಿಂದೆ ಮುಂದೆ ಆಗ್ತಿರುತ್ತೆ. ಶುರುವಿನಲ್ಲಿ ತುಟಿಗೆ ಮಾತು ಕೂಡಿರುತ್ತೆ, ಮೂರು ನಾಲ್ಕು ನಿಮಿಷದ ಟೇಕ್ ಆದರೆ ಕೊನೆಗೆ ಜಾರಿರುತ್ತೆ. ಸ್ಥಿರ ಫ್ರೇಮ್ ರೇಟ್ ಕೊಡೋ ಕ್ಯಾಮೆರಾ ಆ್ಯಪ್ ಬಳಸಿ, ಇಲ್ಲವೇ ಎಡಿಟಿಂಗಿಗೆ ಮುಂಚೆ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಿನಲ್ಲಿ 25ಕ್ಕೆ ಸ್ಥಿರ ಮಾಡಿಕೊಳ್ಳಿ. ಕ್ಲ್ಯಾಪ್ ಬೋರ್ಡ್ ಇಲ್ಲದಿದ್ದರೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ, ಟೇಕಿನ ಶುರುವಿಗೂ ಕೊನೆಗೂ. ಎರಡೂ ಕಡೆ ಕೂಡಿದರೆ ನಡುವಿನದ್ದೂ ಕೂಡಿದೆ ಅಂತ ಲೆಕ್ಕ. ಫೋನನ್ನ ಏರೋಪ್ಲೇನ್ ಮೋಡಿಗೆ ಹಾಕಿ, ಟೇಕಿನ ನಡುವೆ ಕಾಲ್ ಬಂದರೆ ಕೆಲವು ಫೋನು ರೆಕಾರ್ಡಿಂಗನ್ನೇ ನಿಲ್ಲಿಸ್ತವೆ.